ಜನರಲ್ ಹುಡ್‌ನ ಮನೆಪತ್ರಗಳು: ಅಫೀಮಿನ ಆರೋಪವನ್ನು ಇನ್ನಾದರೂ ಕೈಬಿಡಬಹುದಾ?

ತುಂಗಾತೀರ:
ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುವವರು ಇಲ್ಲಿ ಒಂದಷ್ಟು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಕಾನ್ಫೆಡರೇಟ್ ಸೇನೆಯ, ಅಂದರೆ ಅಮೆರಿಕದ ಒಕ್ಕೂಟ ಬಿಟ್ಟು ಹೋದ ದಕ್ಷಿಣದ ರಾಜ್ಯಗಳ ಸೇನೆಯ, ಜಾನ್ ಬೆಲ್ ಹುಡ್ ಕಥೆ ನಿಮಗೆ ಗೊತ್ತಿರಬಹುದು. 1863ರ ಜುಲೈ 2ರಂದು ಗೆಟಿಸ್‌ಬರ್ಗ್‌ನಲ್ಲಿ ಎಡಗೈ ಹೋಯಿತು. ಕತ್ತರಿಸಲಿಲ್ಲ, ಆದರೆ ಆಮೇಲೆ ಉಪಯೋಗಕ್ಕೆ ಬರಲಿಲ್ಲ. ಮೂರು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 20ಕ್ಕೆ, ಚಿಕಮಾಗಾದಲ್ಲಿ ಬಲತೊಡೆಗೆ ಗುಂಡು ಬಿತ್ತು. ಸೊಂಟದಿಂದ ಸುಮಾರು ನಾಲ್ಕು ಅಂಗುಲ ಬಿಟ್ಟು ಕಾಲು ಕತ್ತರಿಸಿದರು. ಮರುವರ್ಷ ಜುಲೈನಲ್ಲಿ ಅದೇ ಮನುಷ್ಯ ಟೆನ್ನೆಸ್ಸೀ ಸೇನೆಯ ಮುಖ್ಯಸ್ಥನಾದ. ವಯಸ್ಸು 33. ಅಟ್ಲಾಂಟಾ ಕಳೆದುಕೊಂಡ. ನವೆಂಬರ್ 29ರ ರಾತ್ರಿ ಸ್ಪ್ರಿಂಗ್ ಹಿಲ್‌ನಲ್ಲಿ ಶತ್ರು ಸೇನೆ ಇವನ ಪಾಳೆಯದ ಪಕ್ಕದ ರಸ್ತೆಯಲ್ಲೇ ನಡೆದುಕೊಂಡು ಹೋಗಿ ತಪ್ಪಿಸಿಕೊಂಡಿತು. ಮರುದಿನ ಫ್ರಾಂಕ್ಲಿನ್‌ನಲ್ಲಿ ಬಟಾಬಯಲಲ್ಲಿ ದಾಳಿ ಮಾಡಿಸಿ ಆರು ಸಾವಿರಕ್ಕೂ ಹೆಚ್ಚು ಜನರ ಸಾವು-ನೋವಿಗೆ ಕಾರಣನಾದ.

ಇದಕ್ಕೆಲ್ಲ ಕಾರಣ ಲಾಡನಮ್, ಅಂದರೆ ಅಫೀಮನ್ನು ಮದ್ಯಸಾರದಲ್ಲಿ ಕರಗಿಸಿದ ಔಷಧಿ, ಅದರ ಮಂಪರಲ್ಲಿ ಆಜ್ಞೆ ಕೊಡುತ್ತಿದ್ದ ಅಂತ ನಾನು ಚಿಕ್ಕಂದಿನಿಂದ ಓದಿದ್ದು. 2012ರಲ್ಲಿ ವಂಶಸ್ಥರೊಬ್ಬರ ಮನೆಯಲ್ಲಿ ಹುಡ್‌ನ ಖಾಸಗಿ ಕಾಗದಪತ್ರಗಳ ದೊಡ್ಡ ಸಂಗ್ರಹ ಸಿಕ್ಕಿತಲ್ಲ, ಅದರಲ್ಲಿ ವೈದ್ಯ ಜಾನ್ ಡಾರ್ಬಿ ಬರೆದಿಟ್ಟ ಚಿಕಿತ್ಸೆಯ ದಾಖಲೆಯೂ ಇದೆ. ಅದು ಈ ಆರೋಪಕ್ಕೆ ತೆರೆ ಎಳೆಯುತ್ತದೆ ಅಂತ ಕೆಲವರು ಹೇಳ್ತಾರೆ. ನಿಮ್ಮ ಅಭಿಪ್ರಾಯ ಏನು?

ಹಳೇಕಡತ:
ತೆರೆ ಬಿದ್ದು ಆಯ್ತು. ಅಫೀಮಿನ ಕಥೆಗೆ ಅವನ ಕಾಲದ ಒಂದೇ ಒಂದು ಸಾಕ್ಷಿ ತೋರಿಸಲಿ ಯಾರಾದರೂ. ಜೊತೆಗಿದ್ದ ಅಧಿಕಾರಿಗಳಲ್ಲಿ ಅವನನ್ನು ದ್ವೇಷಿಸುತ್ತಿದ್ದವರೇ ಬೇಕಾದಷ್ಟಿದ್ದರು. ಅಂಥವರು ಇಂಥ ಆಯುಧ ಕೈಗೆ ಸಿಕ್ಕಿದ್ದರೆ ಬಿಡುತ್ತಿದ್ದರಾ? ಕಥೆ ಹುಟ್ಟಿದ್ದು 20ನೇ ಶತಮಾನದ ಲೇಖಕರ ಊಹೆಯಲ್ಲಿ. ಒಬ್ಬ "ಇದ್ದಿರಬಹುದು" ಅಂದ, ಮುಂದಿನವನು "ಇರಬೇಕು" ಅಂದ, ಮೂರನೆಯವನ ಹೊತ್ತಿಗೆ ಅದು ಇತಿಹಾಸವಾಗಿತ್ತು.

ಕರಿಬೇವು:
ಹಾಗಂತ ಮನೆಯವರು ಕಾಪಾಡಿಕೊಂಡು ಬಂದ ಕಾಗದವನ್ನು ಕಣ್ಣುಮುಚ್ಚಿ ನಂಬಬೇಕಾ? ಮಾನಕ್ಕೆ ಕುಂದು ತರುವ ಕಾಗದ ಯಾವ ಮನೆಯಲ್ಲಿ ಉಳಿಯುತ್ತೆ ಹೇಳಿ. ಒಲೆಗೆ ಹೋಗಿರುತ್ತೆ. ಮೇಲಾಗಿ ಆ ಸಂಗ್ರಹವನ್ನು ಬೆಳಕಿಗೆ ತಂದವನು ಹುಡ್‌ನ ದೂರದ ಸಂಬಂಧಿ, ಅವನನ್ನು ಸಮರ್ಥಿಸಿ ಆಗಲೇ ಒಂದು ಪುಸ್ತಕ ಬರೆಯುತ್ತಿದ್ದವನು. 2015ರಲ್ಲಿ ಪತ್ರಗಳನ್ನು ಸಂಪಾದಿಸಿ ಪ್ರಕಟಿಸಿದವನೂ ಅವನೇ.

ಹಳೇಕಡತ:
ಸಂಪಾದಕ ಯಾರು ಅನ್ನೋದರಿಂದ ವೈದ್ಯನ ಅಕ್ಷರ ಬದಲಾಗಲ್ಲ. ಡಾರ್ಬಿ ಬರೆದದ್ದು 1863ರಲ್ಲಿ, ರೋಗಿಯ ಹಾಸಿಗೆ ಪಕ್ಕ ಕೂತು. ಮುಂದಿನ ಶತಮಾನದಲ್ಲಿ ಆರೋಪ ಬರುತ್ತೆ ಅಂತ ಅವನಿಗೆ ಕನಸು ಬಿದ್ದಿತ್ತಾ?

ಶಸ್ತ್ರವೈದ್ಯೆ_ಮೈಸೂರು:
ವೈದ್ಯಕೀಯದ ಕಡೆಯಿಂದ ಎರಡು ಮಾತು. ಆ ಕಾಲದ ಮಿನಿಯೆ ಗುಂಡು ಮೆತ್ತನೆಯ ಸೀಸದ್ದು. ಮೂಳೆಗೆ ತಾಕಿದರೆ ತೂರಿ ಹೋಗುವುದಿಲ್ಲ, ಚಪ್ಪಟೆಯಾಗಿ ಮೂಳೆಯನ್ನು ಚೂರು ಮಾಡುತ್ತೆ. ಬಟ್ಟೆ, ಮಣ್ಣು ಎಲ್ಲ ಒಳಗೆ ಎಳೆದುಕೊಂಡು ಹೋಗುತ್ತೆ. ಬ್ರಿಟನ್ನಿನ ಶಸ್ತ್ರವೈದ್ಯ ಲಿಸ್ಟರ್ ತನ್ನ ನಂಜುನಿವಾರಕ ವಿಧಾನ ಪ್ರಕಟಿಸಿದ್ದು 1867ರಲ್ಲಿ. ಅಂದರೆ 1863ರ ವೈದ್ಯನಿಗೆ ಸೋಂಕು ತಡೆಯುವ ದಾರಿ ಗೊತ್ತಿರಲಿಲ್ಲ, ಅಂಗ ಕತ್ತರಿಸುವುದೇ ಜೀವ ಉಳಿಸುವ ದಾರಿ. ಸೊಂಟದ ಹತ್ತಿರ ಕತ್ತರಿಸಿದಷ್ಟೂ ಸಾವು ಹೆಚ್ಚು. ತೊಡೆಯ ಮೇಲ್ಭಾಗದಲ್ಲಿ ಕತ್ತರಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬದುಕುತ್ತಿರಲಿಲ್ಲ. ಕ್ಲೋರೋಫಾರ್ಮ್ ಇತ್ತು, ಹಾಗಾಗಿ ಸಿನಿಮಾದಲ್ಲಿ ತೋರಿಸುವ ಹಾಗೆ ಪ್ರಜ್ಞೆ ಇದ್ದವನ ಕಾಲು ಕೊಯ್ಯುವುದು ಸಾಮಾನ್ಯವಾಗಿರಲಿಲ್ಲ.

ನೋವಿಗೆ ಅಫೀಮು, ಮಾರ್ಫಿನ್ ಕೊಡುವುದು ಆಗ ಎಲ್ಲ ವೈದ್ಯರೂ ಮಾಡುತ್ತಿದ್ದ ಕೆಲಸ, ಹುಡ್‌ಗೂ ಕೊಟ್ಟಿದ್ದರೆ ಅದರಲ್ಲಿ ವಿಶೇಷವಿಲ್ಲ. ಪ್ರಶ್ನೆ ಇರುವುದು ಚಟ ಹತ್ತಿತ್ತಾ ಅನ್ನೋದು. ಇಲ್ಲಿ @ಹಳೇಕಡತ ಅವರು ಒಂದು ವಿಷಯ ಹಾರಿಸುತ್ತಿದ್ದಾರೆ. ಡಾರ್ಬಿಯ ದಾಖಲೆ ಚಿಕಿತ್ಸೆಯ ಅವಧಿಯದ್ದು. ಸ್ಪ್ರಿಂಗ್ ಹಿಲ್ ನಡೆದದ್ದು ಒಂದು ವರ್ಷ ಕಳೆದ ಮೇಲೆ. 1863ರ ವೈದ್ಯಕೀಯ ದಾಖಲೆಯಿಂದ 1864ರ ನವೆಂಬರ್ 29ರ ರಾತ್ರಿ ಅವನ ಮೈಯಲ್ಲಿ ಏನಿತ್ತು ಅಂತ ಯಾವ ವೈದ್ಯೆಯೂ ಹೇಳಲಾರಳು.

ಹಳೇಕಡತ:
ಒಪ್ಪಿದೆ. ಆದರೆ ಆರೋಪ ಮಾಡುವವನ ಮೇಲೆ ತಾನೇ ರುಜುವಾತಿನ ಹೊರೆ? ಚಟ ಶುರುವಾಗಿದ್ದರೆ ಗಾಯದ ಕಾಲದಲ್ಲೇ ಶುರುವಾಗಬೇಕಿತ್ತು. ಆ ಅವಧಿಯ ದಾಖಲೆಯಲ್ಲಿ ಅದರ ಸುಳಿವಿಲ್ಲ, ಆಮೇಲಿನ ಸಾಕ್ಷಿ ಶೂನ್ಯ.

ಶಸ್ತ್ರವೈದ್ಯೆ_ಮೈಸೂರು:
"ಪುರಾವೆ ಇಲ್ಲ" ಅಂತ ಬರೆಯಿರಿ, ಸಹಿ ಹಾಕುತ್ತೇನೆ. "ಸೇವಿಸಲಿಲ್ಲ ಅಂತ ಸಾಬೀತಾಯಿತು" ಅಂದರೆ ಹಾಕಲ್ಲ.

ಸಂಜೆಮಲ್ಲಿಗೆ:
ಕೃತಕ ಕಾಲು ಇಟ್ಟುಕೊಂಡು ಕುದುರೆ ಹೇಗೆ ಹತ್ತುತ್ತಿದ್ದ?

ತುಂಗಾತೀರ:
@ಸಂಜೆಮಲ್ಲಿಗೆ ಬೇರೆಯವರು ಎತ್ತಿ ಕೂರಿಸಿ ಜೀನಿಗೆ ಪಟ್ಟಿಯಿಂದ ಬಿಗಿಯುತ್ತಿದ್ದರು. ಊರುಗೋಲನ್ನೂ ಜೊತೆಗೆ ಕಟ್ಟಿಕೊಳ್ಳುತ್ತಿದ್ದ. ಕೃತಕ ಕಾಲಿನ ವಿಷಯಕ್ಕೆ ಬಂದರೆ, ಆ ಯುದ್ಧದಲ್ಲಿ ಮೊದಲು ಕಾಲು ಕಳೆದುಕೊಂಡವರಲ್ಲಿ ಒಬ್ಬ ಜೇಮ್ಸ್ ಹ್ಯಾಂಗರ್ ಅನ್ನುವ ವರ್ಜೀನಿಯಾದ ಹುಡುಗ, 1861ರ ಜೂನ್‌ನಲ್ಲಿ. ಅವನು ತನಗೆ ತಾನೇ ಮೊಣಕಾಲು ಮಡಚುವ ಕಾಲು ಮಾಡಿಕೊಂಡು, ಆಮೇಲೆ ಅದನ್ನೇ ಉದ್ಯಮ ಮಾಡಿದ. ಆ ಕಂಪನಿ ಇವತ್ತಿಗೂ ಇದೆ.

ಇತಿಹಾಸದ_ಮೇಷ್ಟ್ರು:
ಮಾತು ಎಲ್ಲೋ ಔಷಧಿ ಬಾಟಲಿಯಲ್ಲೇ ಸಿಕ್ಕಿಹಾಕಿಕೊಂಡಿದೆ. ಖಾಸಗಿ ಕಾಗದಪತ್ರ ಅಂದಾಗ ನಾನು ಮೊದಲು ಕೇಳುವುದು, ಇದು ಯಾವಾಗ ಬರೆದದ್ದು, ಯಾರಿಗೆ ಬರೆದದ್ದು, ಯಾಕೆ ಉಳಿಯಿತು ಅಂತ.

ಹುಡ್‌ನ ಸಂಗ್ರಹದಲ್ಲಿ ಕನಿಷ್ಠ ಮೂರು ಬಗೆಯ ಕಾಗದ ಇವೆ. ವೈದ್ಯನ ದಾಖಲೆ ಆ ಕ್ಷಣದ್ದು. ಹೆಂಡತಿ ಆನಾಗೆ ಬರೆದ ಕಾಗದಗಳು ಯುದ್ಧದ ನಂತರದವು, ಸಂಸಾರದವು. ಮೂರನೆಯವು ಕ್ಯಾಸ್‌ವಿಲ್, ಸ್ಪ್ರಿಂಗ್ ಹಿಲ್‌ನಂಥ ವಿವಾದಗಳ ಬಗ್ಗೆ ಹಳೆಯ ಸಹೋದ್ಯೋಗಿಗಳ ಜೊತೆ ನಡೆಸಿದ ಪತ್ರವ್ಯವಹಾರ. ಈ ಮೂರನೆಯದರ ಬಗ್ಗೆ ತುಂಬ ಹುಷಾರಾಗಿರಬೇಕು. 1874ರಲ್ಲಿ, ಹುಡ್‌ಗಿಂತ ಮೊದಲು ಟೆನ್ನೆಸ್ಸೀ ಸೇನೆಯ ಮುಖ್ಯಸ್ಥನಾಗಿದ್ದ ಜೋಸೆಫ್ ಜಾನ್‌ಸ್ಟನ್ ತನ್ನ ಆತ್ಮಕಥನದಲ್ಲಿ ಹುಡ್‌ನನ್ನು ಜರೆದ. ಅದಕ್ಕೆ ಉತ್ತರ ಕೊಡಬೇಕೆಂದೇ ಹುಡ್ "ಅಡ್ವಾನ್ಸ್ ಅಂಡ್ ರಿಟ್ರೀಟ್" ಅನ್ನುವ ಆತ್ಮಕಥನ ಬರೆದ. ನಿವೃತ್ತ ಜನರಲ್‌ಗಳೆಲ್ಲ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದ ಕಾಲ ಅದು. ವಾದಕ್ಕಾಗಿ ಕೂಡಿಟ್ಟ ಕಾಗದ, ವಕೀಲ ತನ್ನ ಕಕ್ಷಿದಾರನಿಗೆ ಬೇಕಾದ ಸಾಕ್ಷಿ ಜೋಡಿಸಿಟ್ಟ ಫೈಲಿನಂಥದ್ದು. ಅದರಲ್ಲಿ ಸುಳ್ಳಿದೆ ಅಂತಲ್ಲ, ಆದರೆ ಆಯ್ಕೆ ಇದ್ದೇ ಇರುತ್ತೆ.

ದಕ್ಷಿಣದ ಶ್ರೀಮಂತ ಮನೆತನದ ಮೇರಿ ಚೆಸ್ನಟ್‌ಳ ದಿನಚರಿಯನ್ನೇ ನೋಡಿ. ಗಾಯಗೊಂಡ ಹುಡ್ ಕಾನ್ಫೆಡರೇಟ್ ರಾಜಧಾನಿ ರಿಚ್ಮಂಡ್‌ನಲ್ಲಿ ಊರುಗೋಲಿನ ಮೇಲೆ ಓಡಾಡುತ್ತ ಸ್ಯಾಲಿ ಪ್ರೆಸ್ಟನ್ ಎಂಬ ಹುಡುಗಿಯನ್ನು ಒಲಿಸಿಕೊಳ್ಳಲು ಪಟ್ಟ ಪಾಡು ಅದರಲ್ಲಿ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲರೂ ಅದನ್ನು ದಿನಚರಿ ಅಂತ ಉದ್ಧರಿಸ್ತಾರೆ. ಆದರೆ ನಾವು ಓದುವ ರೂಪವನ್ನು ಆಕೆ 1880ರ ದಶಕದಲ್ಲಿ ಕೂತು ತಿದ್ದಿ, ಬೆಳೆಸಿ ಬರೆದದ್ದು. ಅಂದಹಾಗೆ ವೈದ್ಯ ಡಾರ್ಬಿ ಮದುವೆಯಾಗಿದ್ದು ಅದೇ ಸ್ಯಾಲಿಯ ಅಕ್ಕ ಮೇರಿಯನ್ನು. ನಿಷ್ಪಕ್ಷಪಾತ ಸಾಕ್ಷಿ ಅಂತ ಹೇಳುವಾಗ ಅದೂ ನೆನಪಿರಲಿ.

ಕರಿಬೇವು:
ನೋಡಿ! ವೈದ್ಯನೂ ಸ್ನೇಹವಲಯದವನೇ.

ಹಳೇಕಡತ:
ಮೇಷ್ಟ್ರೇ, ಸ್ನೇಹಿತನಾದ ವೈದ್ಯ ರೋಗಿಯ ಜ್ವರ, ಕೀವು, ನಿದ್ದೆ ಲೆಕ್ಕ ಬರೆಯುವಾಗ ಸುಳ್ಳು ಬರೆಯುತ್ತಾನೆ ಅನ್ನೋದು ತೀರ ದೂರದ ಅನುಮಾನ ಆಗಲಿಲ್ಲವಾ? ಅವತ್ತು ಅಫೀಮು ಕೊಡುವುದು ಮುಚ್ಚಿಡಬೇಕಾದ ವಿಷಯವೇ ಆಗಿರಲಿಲ್ಲ ಅಂತ ಈಗ ತಾನೇ ಡಾಕ್ಟರಮ್ಮ ಹೇಳಿದರು.

ಇತಿಹಾಸದ_ಮೇಷ್ಟ್ರು:
ಆ ಮಾತು ಸರಿ. ಅದಕ್ಕೇ ಆ ದಾಖಲೆ ಇಡೀ ಸಂಗ್ರಹದಲ್ಲಿ ನನಗೆ ಹೆಚ್ಚು ಬೆಲೆಬಾಳುವುದು ಅನ್ನಿಸುತ್ತೆ.

ನ್ಯಾಶ್‌ವಿಲ್_ನಿವಾಸಿ:
ನಾನಿರುವುದು ಫ್ರಾಂಕ್ಲಿನ್‌ಗೆ ಹತ್ತಿರ. ಕಾರ್ಟರ್ ಮನೆಯ ಹಿಂದಿನ ಕಟ್ಟಡಗಳ ಮೇಲೆ ಗುಂಡಿನ ತೂತುಗಳು ಹಾಗೇ ಇವೆ. ಕಾರ್ನ್‌ಟನ್ ಅನ್ನುವ ತೋಟದ ಮನೆ ಆ ರಾತ್ರಿ ಆಸ್ಪತ್ರೆಯಾಗಿತ್ತು. ಮರದ ನೆಲದಲ್ಲಿ ರಕ್ತದ ಕಲೆ ಇನ್ನೂ ಕಾಣುತ್ತೆ. ಪಕ್ಕದಲ್ಲೇ ಸುಮಾರು 1,500 ಕಾನ್ಫೆಡರೇಟ್ ಸೈನಿಕರ ಸಮಾಧಿಗಳು. ಆ ಒಂದು ಸಂಜೆ ಹುಡ್‌ನ ಆರು ಜನರಲ್‌ಗಳು ಸತ್ತರು ಅಥವಾ ಸಾಯುವಷ್ಟು ಗಾಯಗೊಂಡರು. ಪ್ಯಾಟ್ರಿಕ್ ಕ್ಲೆಬರ್ನ್ ಅವರಲ್ಲಿ ಒಬ್ಬ. ಅಲ್ಲಿಗೆ ಬರುವ ಜನ ಮಾರ್ಗದರ್ಶಿಯನ್ನು ಕೇಳುವ ಪ್ರಶ್ನೆಗಳಲ್ಲಿ ಈ ಅಫೀಮಿನದ್ದೂ ಒಂದು. ದೊಡ್ಡ ದುರಂತಕ್ಕೆ ಒಂದು ಬಾಟಲಿಯ ಕಾರಣ ಸಿಕ್ಕಿದರೆ ಜನಕ್ಕೆ ಸಮಾಧಾನ.

2021ರಲ್ಲಿ ಅದೇ ಊರಿನ ಚೌಕದಲ್ಲಿ ಒಕ್ಕೂಟದ ಕಡೆ ಹೋರಾಡಿದ ಕಪ್ಪು ಸೈನಿಕನ ಪ್ರತಿಮೆ ನಿಲ್ಲಿಸಿದರು. ನಮ್ಮ ಮಕ್ಕಳಿಗೆ ನಾನು ಮೊದಲು ತೋರಿಸುವುದು ಅದನ್ನ. ನ್ಯಾಶ್‌ವಿಲ್ ಯುದ್ಧದ ಎರಡನೇ ದಿನ, ಡಿಸೆಂಬರ್ 16, ಓವರ್ಟನ್ ಗುಡ್ಡದ ಮೇಲೆ ಹುಡ್‌ನ ಸೇನೆಯ ಮೇಲೆ ಏರಿ ಹೋದವರಲ್ಲಿ 13ನೇ ಕಪ್ಪು ರೆಜಿಮೆಂಟ್ ಇತ್ತು. 220 ಜನ ಸತ್ತರು ಇಲ್ಲವೇ ಗಾಯಗೊಂಡರು.

ಬಯಲುಸೀಮೆ_ಹುಡುಗಿ:
ಇಷ್ಟು ಹೊತ್ತು ಓದಿದೆ. ಗುಲಾಮಗಿರಿ ಅನ್ನೋ ಪದ ಒಮ್ಮೆಯೂ ಬರಲಿಲ್ಲ. ಕಾಲು ಹೋಯಿತು, ಕೈ ಹೋಯಿತು, ಪ್ರೇಮ ಫಲಿಸಲಿಲ್ಲ ಅಂತ ಮರುಗುತ್ತಿದ್ದೀರಿ. ಅವನು ಹೋರಾಡಿದ್ದು ಯಾವುದಕ್ಕೆ? ಆ ಕಾನ್ಫೆಡರೇಟ್ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲೇ ಬಹಿರಂಗವಾಗಿ ಹೇಳಿದ್ದಾನೆ, ಕಪ್ಪು ಜನ ಬಿಳಿಯರಿಗೆ ಸಮಾನರಲ್ಲ ಅನ್ನೋದೇ ನಮ್ಮ ರಾಜ್ಯದ ಅಡಿಗಲ್ಲು ಅಂತ.

ಹಳೇಕಡತ:
ವಿಷಯ ಅದಲ್ಲವಲ್ಲ. ಇಲ್ಲಿ ಪ್ರಶ್ನೆ ಒಂದು ನಿರ್ದಿಷ್ಟ ಆರೋಪದ ಬಗ್ಗೆ. ಕೆಟ್ಟ ಪಕ್ಷದಲ್ಲಿದ್ದವನ ಮೇಲೆ ಸುಳ್ಳು ಆರೋಪ ಹೊರಿಸಬಹುದು ಅಂತ ಇದೆಯಾ? ಹುಡ್ ಕೆಂಟಕಿಯವನು, ವೃತ್ತಿಯಿಂದ ಸೈನಿಕ, ವೆಸ್ಟ್ ಪಾಯಿಂಟ್‌ನಲ್ಲಿ ಕಲಿತವನು. ರಾಜಕಾರಣಿ ಅಲ್ಲ.

ಬಯಲುಸೀಮೆ_ಹುಡುಗಿ:
ಕೆಂಟಕಿ ಒಕ್ಕೂಟ ಬಿಟ್ಟು ಹೋಗಲೇ ಇಲ್ಲ. ಇವನು ತಾನಾಗಿ ಕೆಲಸ ಬಿಟ್ಟು ದಕ್ಷಿಣಕ್ಕೆ ಹೋದ. ಊರಿನ ಮೇಲಿನ ಪ್ರೀತಿ ಅನ್ನುವ ನೆಪವೂ ಇಲ್ಲ.

ಇನ್ನು ರಾಜಕೀಯ. 1864ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟದ ಜನರಲ್ ಶರ್ಮನ್ ಅಟ್ಲಾಂಟಾದ ಜನರನ್ನು ಊರು ಬಿಡಿಸಿದಾಗ ಇಬ್ಬರಿಗೂ ಪತ್ರಗಳ ಜಗಳ ನಡೆಯಿತು. ಸೆಪ್ಟೆಂಬರ್ 12ರ ಕಾಗದದಲ್ಲಿ ಹುಡ್ ಬರೆದದ್ದರ ಸಾರ: ನೀವು ನೀಗ್ರೋಗಳನ್ನು ಮಿತ್ರರಾಗಿ ಮಾಡಿಕೊಂಡಿದ್ದೀರಿ, ನಾವು ಅನಾಗರಿಕತೆಯಿಂದ ಮೇಲೆತ್ತಿದ ಕೀಳು ಜನಾಂಗವನ್ನು ನಮ್ಮ ತಲೆಯ ಮೇಲೆ ಕೂರಿಸಲು ನೋಡುತ್ತಿದ್ದೀರಿ, ನಿಮ್ಮ ಕೆಳಗೆ ಬದುಕುವುದಕ್ಕಿಂತ ಸಾವಿರ ಸಲ ಸಾಯುವುದು ಮೇಲು. ಮುಚ್ಚಿಟ್ಟ ಕಾಗದವಲ್ಲ, ಅಧಿಕೃತ ದಾಖಲೆಗಳಲ್ಲಿ ಅಚ್ಚಾಗಿದೆ.

ಅದಾಗಿ ಒಂದು ತಿಂಗಳಿಗೆ, ಅಕ್ಟೋಬರ್ 13ರಂದು, ಜಾರ್ಜಿಯಾದ ಡಾಲ್ಟನ್‌ನಲ್ಲಿ 44ನೇ ಕಪ್ಪು ರೆಜಿಮೆಂಟನ್ನು ಅವನ ಸೇನೆ ಸುತ್ತುವರಿಯಿತು. ಶರಣಾದರೆ ಬಿಳಿಯ ಅಧಿಕಾರಿಗಳನ್ನೂ ಸೈನಿಕರನ್ನೂ ಬಿಡುತ್ತೇನೆ, ದಾಳಿ ಮಾಡಿ ಗೆಲ್ಲಬೇಕಾಗಿ ಬಂದರೆ ಒಬ್ಬನನ್ನೂ ಕೈದಿ ಮಾಡುವುದಿಲ್ಲ ಅಂತ ಬರೆದು ಕಳಿಸಿದ. ಅಂದರೆ ಎಲ್ಲರನ್ನೂ ಕೊಲ್ಲುತ್ತೇನೆ. ಶರಣಾದರು. ಸುಮಾರು ಆರು ನೂರು ಕಪ್ಪು ಸೈನಿಕರ ಬೂಟು ಬಟ್ಟೆ ಕಿತ್ತುಕೊಂಡು, ರೈಲು ಹಳಿ ಕೀಳಲು ಹಚ್ಚಿದರು. ಒಪ್ಪದವರನ್ನು ಗುಂಡಿಟ್ಟು ಕೊಂದರು. ಎಷ್ಟೋ ಜನರನ್ನು ಮತ್ತೆ ಗುಲಾಮಗಿರಿಗೆ ತಳ್ಳಿದರು. ಅಫೀಮಿನ ಆರೋಪದಿಂದ ಅವನನ್ನು ಬಿಡಿಸಿಕೊಳ್ಳಿ, ನನಗೆ ತಕರಾರಿಲ್ಲ. ನಿಜ ಹೇಳಬೇಕೆಂದರೆ ಅದು ಇನ್ನೂ ಒಳ್ಳೆಯದು. ಇದನ್ನೆಲ್ಲ ಪೂರ್ತಿ ಎಚ್ಚರದಲ್ಲೇ ಮಾಡಿದ ಅಂತ ಆಗುತ್ತೆ.

ಶಸ್ತ್ರವೈದ್ಯೆ_ಮೈಸೂರು:
ಈ ಕೊನೆಯ ಸಾಲು ಓದಿ ಸುಮ್ಮನಾದೆ.

ಹಳೇಕಡತ:
ಡಾಲ್ಟನ್ ಘಟನೆ ಅಲ್ಲಗಳೆಯುತ್ತಿಲ್ಲ. ಆದರೂ ಒಬ್ಬ ಮನುಷ್ಯನ ಮನೆಯ ಕಾಗದಗಳನ್ನು ಓದುವಾಗ ಪ್ರತಿ ಪುಟದಲ್ಲೂ ತೀರ್ಪು ಕೊಡುತ್ತ ಕೂತರೆ ಓದಲಿಕ್ಕೇ ಆಗಲ್ಲ. ಅವನ ಕೊನೆಯ ವರ್ಷಗಳನ್ನು ನೋಡಿ. 1868ರಲ್ಲಿ ಮದುವೆ, ಹತ್ತು ವರ್ಷದಲ್ಲಿ ಹನ್ನೊಂದು ಮಕ್ಕಳು, ಅದರಲ್ಲಿ ಮೂರು ಜೋಡಿ ಅವಳಿ. ನ್ಯೂ ಆರ್ಲಿಯನ್ಸ್‌ನಲ್ಲಿ ಹತ್ತಿ ವ್ಯಾಪಾರ, ಆಮೇಲೆ ವಿಮೆ. 1878ರ ಹಳದಿ ಜ್ವರದ ಪಿಡುಗಿನಲ್ಲಿ ವಿಮೆ ವ್ಯವಹಾರ ಮುಳುಗಿತು. ಮರುವರ್ಷ ಆಗಸ್ಟ್‌ನಲ್ಲಿ ಅದೇ ಜ್ವರಕ್ಕೆ ಹೆಂಡತಿ, ಹಿರಿಯ ಮಗಳು, ಅವನು, ಒಂದು ವಾರದೊಳಗೆ ಎಲ್ಲ ಮುಗಿಯಿತು. ಹತ್ತು ಮಕ್ಕಳು ಅನಾಥರಾಗಿ ಏಳು ಮನೆಗಳಿಗೆ ಹಂಚಿಹೋದರು. ಅವನ ಆತ್ಮಕಥನವನ್ನು 1880ರಲ್ಲಿ ಹಳೆಯ ಕಾನ್ಫೆಡರೇಟ್ ಜನರಲ್ ಬೋರ್ಗಾರ್ಡ್ ಅಚ್ಚು ಹಾಕಿಸಿದ್ದು ಆ ಮಕ್ಕಳ ನಿಧಿಗಾಗಿ. ಮನೆ ಅಷ್ಟು ಚೂರಾದ ಮೇಲೂ ಈ ಪತ್ರಗಳು ಉಳಿದಿವೆ.

ಬಯಲುಸೀಮೆ_ಹುಡುಗಿ:
ಮಕ್ಕಳ ಬಗ್ಗೆ ಮರುಕ ನನಗೂ ಇದೆ. ಮಾರಾಟದಲ್ಲಿ ಹಂಚಿಹೋದ ಗುಲಾಮರ ಮಕ್ಕಳ ಕಾಗದಪತ್ರ ಯಾರ ಅಟ್ಟದಲ್ಲೂ ಉಳಿದಿಲ್ಲ, ಅಷ್ಟೇ ನಾನು ಹೇಳೋದು.

ಧಾರವಾಡ_ಪೇಟಿ:
ಹತ್ತಿ ವ್ಯಾಪಾರದ ಮಾತ ಬಂತಲ್ಲಾ, ಒಂದ್ ಹೇಳತೇನಿ. ಈ ಯುದ್ಧ ನಮ್ಮ ಕಡೆ ಹೊಲಕ್ಕೂ ಮುಟ್ಟೇತಿ. ದಕ್ಷಿಣದ ಬಂದರಗೋಳ್ನ ಲಿಂಕನ್ನನ ನೌಕಾಪಡೆ ಬಂದ್ ಮಾಡಿದ ಮ್ಯಾಲೆ ಲ್ಯಾಂಕಶೈರ್ ಗಿರಣಿಗೋಳಿಗೆ ಹತ್ತಿ ಸಿಗದಂಗಾತು. ಅವರ ಕಣ್ಣು ಬಿದ್ದದ್ದು ಮುಂಬಯಿ ಪ್ರಾಂತದ ಹತ್ತಿ ಮ್ಯಾಲೆ. ಧಾರವಾಡ, ಗದಗ ಕಡೆ ಅದಕ್ಕೂ ಇಪ್ಪತ್ತ್ ವರ್ಷ ಮೊದಲ ಕಂಪನಿಯವರು ನ್ಯೂ ಆರ್ಲಿಯನ್ಸಿನ ಬೀಜ ತಂದು ಬಿತ್ತಿಸಿದ್ರು. ಅದಕ್ಕ "ಧಾರವಾಡ-ಅಮೆರಿಕನ್" ಅಂತನ ಹೆಸರು. 1861ರಿಂದ 65ರ ಮಟಾ ದರ ಆಕಾಶಕ್ಕ ಹೋತು. ದಕ್ಷಿಣದ ಸೇನಾಪತಿ ಲೀ ಶರಣಾದ ಸುದ್ದಿ ಬಂದಿದ್ದ ತಡ, ದರ ಧಡಕ್ಕನ ಬಿತ್ತು, ಮುಂಬಯಿಯೊಳಗ ಎಷ್ಟೋ ಮಂದಿ ದಿವಾಳಿ ಎದ್ರು. ಹುಡ್ ಅಲ್ಲೆ ಹತ್ತಿ ದಲಾಲಿ ಶುರು ಮಾಡೂ ಹೊತ್ತಿಗೆ ಇಲ್ಲಿ ನಮ್ಮ ರೈತರು ಸಾಲದಾಗಿದ್ರು.

ತುಂಗಾತೀರ:
1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದೂ ಇದೇ ಹತ್ತಿಗಾಗಿ ಅಲ್ವಾ? ಕಾರವಾರ ಬಂದರು?

ಧಾರವಾಡ_ಪೇಟಿ:
ಹೌದ್ರಿ. ಘಟ್ಟದ ಮ್ಯಾಲಿನ ಹತ್ತಿ ಇಳಿಸಾಕ ಕಾರವಾರ ಬಂದರ ಬೇಕಾಗಿತ್ತು. ಎರಡೂ ಒಂದ ಸರಕಾರದ ಕೈಯಾಗ ಇರ್ಲಿ ಅಂತ ಗಿರಣಿ ಮಾಲೀಕರು ಲಂಡನ್ನಿನ್ಯಾಗ ಒತ್ತಡ ಹಾಕಿದ್ರು.

ಇತಿಹಾಸದ_ಮೇಷ್ಟ್ರು:
ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ. ಇಲ್ಲಿ ಹುಡ್‌ಗೆ ಮರಳೋಣ.

ಕರಿಬೇವು:
ಬೇರೆ ಗಾಯಾಳು ಅಧಿಕಾರಿಗಳ ಕಾಗದಗಳು ಹೀಗೇ ಮನೆಯಲ್ಲಿ ಉಳಿದಿದ್ದವಾ, ಅಥವಾ ಇದು ಅಪರೂಪವಾ?

ಇತಿಹಾಸದ_ಮೇಷ್ಟ್ರು:
ಒಬ್ಬೊಬ್ಬರದು ಒಂದೊಂದು ಗತಿ. ಡಾರ್ಸಿ ಪೆಂಡರ್ ಅಂತ ಉತ್ತರ ಕೆರೊಲಿನಾದ ಜನರಲ್, ಗೆಟಿಸ್‌ಬರ್ಗ್‌ನಲ್ಲಿ ತೊಡೆಗೆ ಶೆಲ್ ಚೂರು ತಾಗಿ, ಕಾಲು ಕತ್ತರಿಸಿದ ಮೇಲೆ 1863ರ ಜುಲೈ 18ಕ್ಕೆ ತೀರಿಕೊಂಡ. ಹೆಂಡತಿ ಫ್ಯಾನಿಗೆ ಬರೆದ ಕಾಗದಗಳು ಚಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಿವೆ. ಅಲ್ಲಿನ ಸದರ್ನ್ ಹಿಸ್ಟಾರಿಕಲ್ ಕಲೆಕ್ಷನ್ 1930ರಲ್ಲಿ ಶುರುವಾದದ್ದು. ಹ್ಯಾಮಿಲ್ಟನ್ ಅನ್ನುವ ಪ್ರಾಧ್ಯಾಪಕ ಕಾರಲ್ಲಿ ದಕ್ಷಿಣದ ಊರೂರು ತಿರುಗಿ ಅಟ್ಟದ ಪೆಟ್ಟಿಗೆಗಳನ್ನು ಬೇಡಿ ತಂದ. ಇನ್ನೊಬ್ಬ ಕಾನ್ಫೆಡರೇಟ್ ಜನರಲ್ ಲಾಂಗ್‌ಸ್ಟ್ರೀಟ್‌ಗೆ ವಿಲ್ಡರ್ನೆಸ್ ಯುದ್ಧದಲ್ಲಿ ಸ್ವಂತ ಕಡೆಯವರ ಗುಂಡೇ ಗಂಟಲಿಗೆ ಬಿತ್ತು, ಬದುಕಿದ. ಆದರೆ 1889ರಲ್ಲಿ ಮನೆಗೆ ಬೆಂಕಿ ಬಿದ್ದು ಅವನ ಪತ್ರಗಳು ಸುಟ್ಟುಹೋದವು. ಲಾಂಗ್‌ಸ್ಟ್ರೀಟ್ ಹುಡ್‌ಗೆ ಬರೆದ ಪತ್ರಗಳಿಗೆ ಬೆಲೆ ಬರುವುದು ಅದಕ್ಕೇ. ಕಳಿಸಿದವನ ಮನೆಯಲ್ಲಿ ಸುಟ್ಟದ್ದು ಪಡೆದವನ ಮನೆಯಲ್ಲಿ ಸಿಗುತ್ತೆ.

ಆದರೆ ಹ್ಯಾಮಿಲ್ಟನ್ ಯಾರ ಅಟ್ಟ ಹತ್ತಿದ, ಯಾರ ಗುಡಿಸಲಿಗೆ ಹೋಗಲಿಲ್ಲ ಅನ್ನೋದೂ ಇತಿಹಾಸವೇ. @ಬಯಲುಸೀಮೆ_ಹುಡುಗಿ ಹೇಳಿದ ಕೊರತೆ ಹುಟ್ಟಿದ್ದು ಅಲ್ಲೂ ಹೌದು.

ನ್ಯಾಶ್‌ವಿಲ್_ನಿವಾಸಿ:
ಟೆಕ್ಸಸ್‌ನ ಸೇನಾ ನೆಲೆ ಫೋರ್ಟ್ ಹುಡ್ ಇವನ ಹೆಸರಿನದೇ ಆಗಿತ್ತು. 2023ರಲ್ಲಿ ಫೋರ್ಟ್ ಕವಾಸೋಸ್ ಆಯ್ತು. 2025ರಲ್ಲಿ ಮತ್ತೆ ಫೋರ್ಟ್ ಹುಡ್, ಆದರೆ ಈ ಸಲ ಮೊದಲ ಮಹಾಯುದ್ಧದ ಇನ್ನೊಬ್ಬ ಹುಡ್ ಹೆಸರಲ್ಲಿ. ಇಲ್ಲಿ ನಮ್ಮ ಆಫೀಸಿನಲ್ಲಿ ಇದರ ಬಗ್ಗೆ ಮಾತಾಡಿದರೆ ಊಟದ ಟೇಬಲ್ಲೇ ಎರಡು ಹೋಳಾಗುತ್ತೆ.

ಸಂಜೆಮಲ್ಲಿಗೆ:
ಹೊಸಬರು ಎಲ್ಲಿಂದ ಓದಬೇಕು? ದುಡ್ಡು ಕೊಡದೆ ಸಿಗುವುದು ಹೇಳಿ.

ಇತಿಹಾಸದ_ಮೇಷ್ಟ್ರು:
ಎರಡೂ ಸೇನೆಗಳ ಅಧಿಕೃತ ದಾಖಲೆಗಳನ್ನು ಅಮೆರಿಕದ ಯುದ್ಧ ಇಲಾಖೆ 1880ರಿಂದ 1901ರವರೆಗೆ 128 ಪುಸ್ತಕಗಳಲ್ಲಿ ಅಚ್ಚು ಹಾಕಿತು. ಎಲ್ಲವೂ ಅಂತರ್ಜಾಲದಲ್ಲಿ ಉಚಿತ. ಮೊದಲ ಸರಣಿಯ 38ನೇ ಸಂಪುಟ ಅಟ್ಲಾಂಟಾ, 39ರಲ್ಲಿ ಶರ್ಮನ್ ಜೊತೆಗಿನ ಪತ್ರಜಗಳ ಮತ್ತು ಡಾಲ್ಟನ್, 45ರಲ್ಲಿ ಫ್ರಾಂಕ್ಲಿನ್, ನ್ಯಾಶ್‌ವಿಲ್. ಹುಡ್‌ನ ಆತ್ಮಕಥನವೂ ಉಚಿತ. ಮನೆಪತ್ರಗಳನ್ನು ಇವುಗಳ ಪಕ್ಕದಲ್ಲಿಟ್ಟು ತಾರೀಖು ತಾಳೆ ಹಾಕುತ್ತ ಓದಿ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ನನ್ನ ಬರಹದಲ್ಲಿ ಅಫೀಮಿನ ಬಗ್ಗೆ "ಸಮಕಾಲೀನ ಪುರಾವೆ ಇಲ್ಲ" ಅಂತ ಬರೆದು, ಡಾರ್ಬಿಯ ದಾಖಲೆಯ ಅವಧಿಯನ್ನೂ ಹೇಳ್ತೀನಿ. ಡಾಲ್ಟನ್ ಇಲ್ಲದೆ ಬರಹ ಮುಗಿಸೋದಿಲ್ಲ. ಒಂದು ಕೊನೆಯ ಪ್ರಶ್ನೆ: ಆ 44ನೇ ರೆಜಿಮೆಂಟಿನ ಸೈನಿಕರ ಮಾತು ಎಲ್ಲಾದರೂ ಸಿಗುತ್ತಾ?

ಬಯಲುಸೀಮೆ_ಹುಡುಗಿ:
ಪಿಂಚಣಿ ಕಡತಗಳನ್ನು ನೋಡಿ. ಕಾನ್ಫೆಡರೇಟ್ ಗಾಯಾಳುಗಳಿಗೆ ಪಿಂಚಣಿ ಕೊಟ್ಟದ್ದು ಆಯಾ ರಾಜ್ಯಗಳು. ಒಕ್ಕೂಟದ ಸೈನಿಕರಿಗೆ, ಕಪ್ಪು ಸೈನಿಕರೂ ಸೇರಿ, ಕೇಂದ್ರ ಸರ್ಕಾರ ಕೊಡುತ್ತಿತ್ತು. ಆ ಕಡತಗಳು ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆಗಾರದಲ್ಲಿವೆ. ಗಾಯ ಎಲ್ಲಿ ಆಯಿತು, ಯಾರ ಗುಲಾಮನಾಗಿದ್ದ, ಮದುವೆ ಯಾರ ಎದುರಿಗೆ ನಡೆಯಿತು, ಮಕ್ಕಳು ಎಷ್ಟು, ಎಲ್ಲ ಪ್ರಮಾಣಪತ್ರದಲ್ಲಿ ಹೇಳಬೇಕಿತ್ತು. ಜೊತೆಗಾರರೂ ನೆರೆಯವರೂ ಬಂದು ಸಾಕ್ಷಿ ನುಡಿದಿದ್ದಾರೆ. ಓದು ಬರಹ ಬಾರದವರು ಹೇಳಿ ಬರೆಸಿ ಕೆಳಗೆ ಗೀಟು ಹಾಕಿದ್ದಾರೆ. ಮದುವೆ, ಹುಟ್ಟಿದ ದಿನ ರುಜುವಾತು ಮಾಡಲು ಮನೆಯ ಬೈಬಲ್ಲಿನ ಹಾಳೆಯನ್ನೇ ಹರಿದು ಕಳಿಸಿದ ಅರ್ಜಿದಾರರೂ ಇದ್ದಾರೆ.

ತುಂಗಾತೀರ:
ರೆಜಿಮೆಂಟ್ ಸಂಖ್ಯೆ ಹಿಡಿದು ಹುಡುಕಬಹುದಾ?

ಬಯಲುಸೀಮೆ_ಹುಡುಗಿ:
ಹುಡುಕಬಹುದು. ಮೊದಲು ಸೇವಾ ದಾಖಲೆಯಿಂದ ಹೆಸರುಗಳ ಪಟ್ಟಿ ಮಾಡಿಕೊಳ್ಳಿ, ಆಮೇಲೆ ಒಂದೊಂದೇ ಹೆಸರನ್ನು ಪಿಂಚಣಿ ಸೂಚಿಯಲ್ಲಿ ನೋಡಿ. ವಿಧವೆಯ ಹೆಸರಲ್ಲೂ ನೋಡಿ, ಎಷ್ಟೋ ಸಲ ಅರ್ಜಿ ಹಾಕಿದವಳು ಅವಳೇ.